ಯಾವ ಊರಿನದೂ ಅಲ್ಲದ ನೀರು

ನೀರನ್ನು ಪರೀಕ್ಷಿಸುವ ಸ್ವಯಂಚಾಲಿತ ಯಂತ್ರವೊಂದರ ತಟ್ಟೆಯಲ್ಲಿ ಸಾಲಾಗಿ ಕೂತಿರುವ ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳನ್ನು ಎಣಿಸಿ ನೋಡಿ. ಪರೀಕ್ಷೆಗೆ ಬಂದಿರುವುದು ಇಪ್ಪತ್ತು ಹಳ್ಳಿಗಳ ನೀರು ಎಂದಿಟ್ಟುಕೊಂಡರೆ, ತಟ್ಟೆಯಲ್ಲಿ ಸುಮಾರು ಮೂವತ್ತನಾಲ್ಕು ಬಟ್ಟಲುಗಳಿರುತ್ತವೆ. ಹೆಚ್ಚುವರಿ ಹದಿನಾಲ್ಕರಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಯಾವ ಊರಿನ ನೀರೂ ಅಲ್ಲ. ಕೆಲವದರಲ್ಲಿ ಏನೂ ಕರಗಿಲ್ಲದ ಶುದ್ಧ ನೀರು. ಕೆಲವದರಲ್ಲಿ, ಎಷ್ಟು ನೈಟ್ರೇಟ್ ಇದೆಯೆಂದು ಮೊದಲೇ ಗೊತ್ತಿರುವ ದ್ರಾವಣ. ಒಂದರಲ್ಲಿ ಆಗಲೇ ಒಮ್ಮೆ ಅಳೆದ ನೀರೇ ಮತ್ತೊಮ್ಮೆ. ಇನ್ನೊಂದರಲ್ಲಿ ಹಳ್ಳಿಯ ನೀರಿಗೆ ಬೇಕೆಂದೇ ಒಂದಿಷ್ಟು ನೈಟ್ರೇಟ್ ಸೇರಿಸಿ ಇಟ್ಟಿರುತ್ತಾರೆ. ಹೊರಗಿನವರಿಗೆ ಇದು ದುಂದುವೆಚ್ಚವಾಗಿ ಕಾಣಬಹುದು. ಒಳಗೆ ಕೆಲಸ ಮಾಡುವವರು ಮಾತ್ರ ಮೊದಲು ಕಣ್ಣು ಹಾಯಿಸುವುದು ಈ ಹದಿನಾಲ್ಕರ ಮೇಲೆಯೇ. ಅವು ಸರಿಬಂದರೆ ಮಾತ್ರ ಉಳಿದ ಇಪ್ಪತ್ತರ ಅಂಕಿಗಳಿಗೆ ಬೆಲೆ.

ಸ್ವಯಂಚಾಲಿತ ಪ್ರಯೋಗಾಲಯ ಎಂದ ಕೂಡಲೇ ಒಂದು ಕಡೆಯಿಂದ ಬಾಟಲಿ ಇಟ್ಟರೆ ಇನ್ನೊಂದು ಕಡೆಯಿಂದ ವರದಿ ಬರುವ ಪೆಟ್ಟಿಗೆಯೊಂದು ಕಣ್ಣ ಮುಂದೆ ಬರುತ್ತದೆ. ವಾಸ್ತವದಲ್ಲಿ ಯಂತ್ರ ಮಾಡುವುದು ಬಹಳ ಸರಳ ಕೆಲಸ: ಅಳತೆ ಮಾಡಿ ಸುರಿಯುವುದು, ಬೆರೆಸುವುದು, ಕಾಯುವುದು, ಬಣ್ಣವನ್ನೋ ವಿದ್ಯುತ್ ಒತ್ತಡವನ್ನೋ ನೋಡುವುದು, ಬರೆದಿಡುವುದು. ಇವೆಲ್ಲವೂ ಮೊದಲು ಮನುಷ್ಯರ ಕೈಯಲ್ಲಿದ್ದ ಕೆಲಸಗಳೇ. ಯಂತ್ರದ ಹೆಚ್ಚುಗಾರಿಕೆ ಅದು ದಣಿಯುವುದಿಲ್ಲ ಎನ್ನುವುದು. ಅದರ ಅಪಾಯವೂ ಅದೇ. ತಪ್ಪನ್ನು ಹೇಳಿಕೊಟ್ಟರೆ ಅದನ್ನೂ ಅಷ್ಟೇ ನಿಷ್ಠೆಯಿಂದ, ಮೂರನೆಯ ದಶಮಾಂಶದವರೆಗೆ, ಇಡೀ ದಿನ ಮಾಡುತ್ತದೆ.

ಇಷ್ಟೆಲ್ಲ ಅಳೆಯುವುದು ಏಕೆ? ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಎಂಬ ಮಾನದಂಡ, ಅದರ 2012ರ ಪರಿಷ್ಕರಣೆಯಂತೆ, ಕುಡಿಯುವ ನೀರಿಗೆ ಹಾಕಿರುವ ಗೆರೆಗಳು ಹಲವು. ಪಿಎಚ್, ಅಂದರೆ ಆಮ್ಲ-ಕ್ಷಾರ ಗುಣದ ಅಳತೆ, 6.5ರಿಂದ 8.5ರೊಳಗೆ ಇರಬೇಕು. ಕರಗಿದ ಒಟ್ಟು ಲವಣಗಳು, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೆ ಸಹಿಸಿಕೊಳ್ಳಬಹುದು. ಗಡಸುತನಕ್ಕೆ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣಕ್ಕೆ, 200 ಮತ್ತು 600. ಫ್ಲೋರೈಡಿಗೆ 1 ಮತ್ತು 1.5. ನೈಟ್ರೇಟಿಗೆ 45, ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾಗಿ ಮನೆಮನೆಗೆ ನಲ್ಲಿ ಎಂಬ ಕಾರ್ಯಕ್ರಮ ಹಳ್ಳಿಹಳ್ಳಿಗೂ ತಲುಪಿದ ಮೇಲೆ ಪರೀಕ್ಷೆಗೆ ಬರುವ ಬಾಟಲಿಗಳೂ ಹೆಚ್ಚಿದವು. ಒಂದು ನೀರಿನ ಗಡಸುತನ ತಿಳಿಯಲು ಬ್ಯೂರೆಟ್‌ನಿಂದ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುವ ಆ ಒಂದು ಹನಿಗಾಗಿ ಕಣ್ಣಿಟ್ಟು ಕಾಯಬೇಕು. ಬೆಳಿಗ್ಗೆ ಹತ್ತು ಗಂಟೆಗೆ ನೀಲಿ ಎನ್ನಿಸಿದ್ದು ಸಂಜೆ ಐದಕ್ಕೆ ಇನ್ನೂ ನೇರಳೆ ಎನ್ನಿಸುವುದು ಮನುಷ್ಯ ಸಹಜ. ದಿನಕ್ಕೆ ನೂರಾರು ಬಾಟಲಿಗಳಿಗೆ, ಪ್ರತಿ ಬಾಟಲಿಗೂ ಹತ್ತಾರು ಪರೀಕ್ಷೆ ಎಂದಾಗ ಕೈಗೆಲಸ ಕೈಕೊಡುತ್ತದೆ.

ಈ ತೊಂದರೆಯನ್ನು ಮೊದಲು ಎದುರಿಸಿದವರು ನೀರಿನವರಲ್ಲ, ಆಸ್ಪತ್ರೆಯವರು. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಲಿಯೊನಾರ್ಡ್ ಸ್ಕೆಗ್ಸ್ ಎಂಬ ಜೀವರಸಾಯನ ವಿಜ್ಞಾನಿ ರಕ್ತದ ಮಾದರಿಗಳನ್ನು ಒಂದರ ಹಿಂದೊಂದರಂತೆ ಒಂದೇ ಸಪೂರ ಕೊಳವೆಯಲ್ಲಿ ಹರಿಸುವ ಉಪಾಯ ಹೂಡಿದರು. ಹಾಗೆ ಹರಿಸಿದರೆ ಹಿಂದಿನ ರೋಗಿಯ ರಕ್ತ ಮುಂದಿನವರ ರಕ್ತಕ್ಕೆ ಬೆರೆಯುವುದಿಲ್ಲವೇ? ಅದಕ್ಕೆ ಅವರು ನಡುನಡುವೆ ಗಾಳಿಗುಳ್ಳೆಗಳನ್ನು ಬಿಟ್ಟರು. ಗುಳ್ಳೆ ಎರಡು ಮಾದರಿಗಳ ನಡುವೆ ಗೋಡೆಯಾಯಿತು, ಜೊತೆಗೆ ಕೊಳವೆಯ ಒಳಮೈಯನ್ನು ಒರೆಸುತ್ತಲೂ ಹೋಯಿತು. ಟೆಕ್ನಿಕಾನ್ ಕಂಪನಿ 1957ರಲ್ಲಿ ಇದನ್ನು ಆಟೋ ಅನಲೈಸರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ರಕ್ತದಿಂದ ಆರಂಭವಾದದ್ದು ಸಮುದ್ರದ ನೀರಿಗೆ, ನದಿಯ ನೀರಿಗೆ, ನಲ್ಲಿ ನೀರಿಗೆ ಹರಡಿಕೊಂಡಿತು. 1975ರಲ್ಲಿ ಡೆನ್ಮಾರ್ಕಿನಲ್ಲಿ ಯಾರೊಮಿರ್ ರೂಜಿಚ್ಕಾ ಮತ್ತು ಎಲೊ ಹಾನ್ಸೆನ್ ಗುಳ್ಳೆಯೂ ಬೇಡ ಎಂದರು. ಅವರ ತರ್ಕ ಸೊಗಸಾಗಿದೆ: ರಾಸಾಯನಿಕ ಕ್ರಿಯೆ ಪೂರ್ತಿಯಾಗಲಿ ಎಂದು ಕಾಯುವ ಅಗತ್ಯವೇ ಇಲ್ಲ. ಗೊತ್ತಿರುವ ದ್ರಾವಣಕ್ಕೂ ಗೊತ್ತಿಲ್ಲದ ನೀರಿಗೂ ಕೊಡುವ ಸಮಯ ಸೆಕೆಂಡಿನ ಲೆಕ್ಕದಲ್ಲಿ ಒಂದೇ ಆಗಿದ್ದರೆ ಸಾಕು, ಹೋಲಿಕೆ ನ್ಯಾಯವಾಗಿರುತ್ತದೆ. ಅಷ್ಟು ಕರಾರುವಾಕ್ಕಾದ ಸಮಯಪಾಲನೆ ಮನುಷ್ಯನಿಂದ ಆಗದು, ಯಂತ್ರದಿಂದ ಆಗುತ್ತದೆ.

ಇಂದು ನೀರಿನ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಕಾಣುವ ಡಿಸ್ಕ್ರೀಟ್ ಅನಲೈಸರ್ ಹರಿವಿನ ಗೊಡವೆಯನ್ನೇ ಬಿಟ್ಟಿದೆ. ಅದರಲ್ಲಿ ಪ್ರತಿ ಪರೀಕ್ಷೆಗೂ ಬೆರಳಿನ ಉಗುರಿನಷ್ಟು ಅಗಲದ ಬೇರೆಯದೇ ಪಾರದರ್ಶಕ ಕೋಣೆ. ಒಂದು ತೋಳು, ತುದಿಯಲ್ಲಿ ಸೂಜಿ. ಸೂಜಿ ಬಟ್ಟಲಿಗಿಳಿದು ಕೆಲವು ಹನಿ ನೀರು ಹೀರಿ ಕೋಣೆಗೆ ಬಿಡುತ್ತದೆ, ತೊಳೆದುಕೊಳ್ಳುತ್ತದೆ, ರಾಸಾಯನಿಕ ಹೀರಿ ಅದೇ ಕೋಣೆಗೆ ಬಿಡುತ್ತದೆ. ಕೈಯಿಂದ ಮಾಡುವಾಗ 50 ಮಿಲಿಲೀಟರ್ ನೀರು ಬೇಕಾಗುತ್ತಿದ್ದ ಪರೀಕ್ಷೆಗೆ ಇಲ್ಲಿ ಒಂದು ಮಿಲಿಲೀಟರೂ ಬೇಡ. ಗಂಟೆಗೆ ನೂರು, ದೊಡ್ಡ ಯಂತ್ರಗಳಲ್ಲಿ ಇನ್ನೂರರಷ್ಟು ಪರೀಕ್ಷೆಗಳು ಮುಗಿಯುತ್ತವೆ. ಒಂದೇ ಬಟ್ಟಲಿನ ನೀರಿನಿಂದ ನೈಟ್ರೇಟ್, ಕ್ಲೋರೈಡ್, ಸಲ್ಫೇಟ್ ಎಲ್ಲವನ್ನೂ ಅದು ಸರದಿಯಂತೆ ನೋಡಬಲ್ಲದು.

ಒಂದು ಬಾಟಲಿಯ ಹಿಂದೆ

ಪಾವಗಡದ ಕಡೆಯ ಕೊಳವೆ ಬಾವಿಯೊಂದರ ನೀರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೈಟ್ರೇಟನ್ನು ಹಿಂಬಾಲಿಸೋಣ. ನೈಟ್ರೇಟಿಗೆ ತನ್ನದೇ ಬಣ್ಣವಿಲ್ಲ. ಆದ್ದರಿಂದ ಮೊದಲು ಅದನ್ನು ನೈಟ್ರೈಟ್ ಆಗಿ ಇಳಿಸಬೇಕು. ಹಳೆಯ ವಿಧಾನದಲ್ಲಿ ಇದಕ್ಕೆ ಕ್ಯಾಡ್ಮಿಯಂ ಲೋಹದ ಹರಳುಗಳ ಮೂಲಕ ನೀರನ್ನು ಹರಿಸುತ್ತಿದ್ದರು. ಕ್ಯಾಡ್ಮಿಯಂ ಸ್ವತಃ ವಿಷವಾದ್ದರಿಂದ ಈಗ ವೆನೇಡಿಯಂ ಕ್ಲೋರೈಡನ್ನೋ ಸಸ್ಯಮೂಲದ ಕಿಣ್ವವನ್ನೋ ಬಳಸುವುದು ಹೆಚ್ಚುತ್ತಿದೆ. ಆಮೇಲೆ ಎರಡು ರಾಸಾಯನಿಕಗಳನ್ನು ಸೇರಿಸಿದರೆ ನೈಟ್ರೈಟ್ ಗಾಢ ಗುಲಾಬಿ ಬಣ್ಣವಾಗುತ್ತದೆ. ಈ ಬಣ್ಣದ ಕ್ರಿಯೆಯನ್ನು 1879ರಲ್ಲಿ ವಿವರಿಸಿದವರು ಪೀಟರ್ ಗ್ರೀಸ್ ಎಂಬ ಜರ್ಮನ್ ರಸಾಯನ ವಿಜ್ಞಾನಿ. ಅವರು ಆಗ ಇಂಗ್ಲೆಂಡಿನ ಬಿಯರ್ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಇಂದಿನ ಲಕ್ಷಾಂತರ ರೂಪಾಯಿಯ ಯಂತ್ರದ ಹೊಟ್ಟೆಯಲ್ಲಿ ನಡೆಯುತ್ತಿರುವುದು ಆ ಹಳೆಯ ಕ್ರಿಯೆಯೇ.

ಗುಲಾಬಿ ನೀರಿನ ಮೂಲಕ ಯಂತ್ರ 540 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕನ್ನು ಹಾಯಿಸುತ್ತದೆ. ಗುಲಾಬಿ ಗಾಢವಾದಷ್ಟೂ ಹಸಿರು ಬೆಳಕು ಹೆಚ್ಚು ಹೀರಿಹೋಗುತ್ತದೆ. ಎಷ್ಟು ಹೀರಿಹೋಯಿತು ಎಂಬುದನ್ನು ಲಾಗರಿದಮ್ ಲೆಕ್ಕದಲ್ಲಿ ಬರೆದಾಗ ಅದು ನೈಟ್ರೇಟಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತದೆ. ಆದರೆ ಯಂತ್ರಕ್ಕೆ ಇಷ್ಟು ಹೀರಿಕೆ ಎಂದರೆ ಎಷ್ಟು ಮಿಲಿಗ್ರಾಂ ಎಂಬುದು ಹುಟ್ಟಿನಿಂದ ಗೊತ್ತಿಲ್ಲ. ಅದನ್ನು ಪ್ರತಿ ಸರದಿಯ ಮೊದಲು ಕಲಿಸಬೇಕು. ಆ ಹದಿನಾಲ್ಕು ಬಟ್ಟಲುಗಳಲ್ಲಿ ಮೊದಲ ಆರರ ಕೆಲಸ ಇದು: ಸೊನ್ನೆ, ಅರ್ಧ, ಒಂದು, ಎರಡು, ಐದು, ಹತ್ತು ಮಿಲಿಗ್ರಾಂ ಎಂದು ಗೊತ್ತಿರುವ ದ್ರಾವಣಗಳನ್ನು ಅಳೆದು, ಬಿಂದುಗಳನ್ನು ಸೇರಿಸಿ ಗೆರೆ ಎಳೆಯುವುದು. ಈ ಗೆರೆಯೇ ಮುಂದಿನ ಎಲ್ಲ ನೀರಿಗೂ ಅಳತೆಗೋಲು.

ಈಗ ಯಾರಾದರೂ ಕೇಳಬೇಕಾದ ಪ್ರಶ್ನೆ: ಆ ಆರು ದ್ರಾವಣಗಳನ್ನು ಮಾಡುವಾಗಲೇ ತೂಕ ತಪ್ಪಿದ್ದರೆ? ಗೆರೆ ನೆಟ್ಟಗೇ ಬರುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ, ಪ್ರತಿ ಹಳ್ಳಿಯ ಅಂಕಿಯೂ ಒಂದೇ ಪ್ರಮಾಣದಲ್ಲಿ ತಪ್ಪಾಗಿರುತ್ತದೆ. ಅದಕ್ಕೆ ಏಳನೆಯ ಬಟ್ಟಲು. ಅದರಲ್ಲಿ ಬೇರೊಂದು ತಯಾರಕರಿಂದ ತಂದ, ಪ್ರಮಾಣೀಕರಿಸಿದ ದ್ರಾವಣ ಇರುತ್ತದೆ. ಅದನ್ನು ಈ ಗೆರೆಯ ಮೇಲಿಟ್ಟು ಅಳೆದಾಗ ಅದರ ಚೀಟಿಯಲ್ಲಿರುವ ಅಂಕಿಯೇ ಬರಬೇಕು.

ನಮ್ಮ ಪಾವಗಡದ ನೀರು ಗೆರೆಯ ಮೇಲಿನ ತುದಿಯನ್ನೂ ದಾಟಿತು ಎಂದುಕೊಳ್ಳಿ. ಗೆರೆ ಹತ್ತಕ್ಕೆ ಮುಗಿಯುತ್ತದೆ. ಅದರಾಚೆಗೆ ಊಹಿಸಿ ಎಳೆಯುವಂತಿಲ್ಲ. ಬಣ್ಣ ಅತಿಯಾದಾಗ ದಾಟಿಬರುವ ಬೆಳಕು ತೀರ ಕಡಿಮೆಯಾಗಿ ಗೆರೆ ಬಾಗತೊಡಗುತ್ತದೆ. ಸೇರಿಸಿದ ರಾಸಾಯನಿಕವೇ ಸಾಲದೆ ಹೋಗಬಹುದು. ಆಗ ಯಂತ್ರ ತಾನೇ ಆ ನೀರಿನ ಒಂದು ಪಾಲಿಗೆ ನಾಲ್ಕು ಪಾಲು ಶುದ್ಧ ನೀರು ಸೇರಿಸಿ ಮತ್ತೆ ಅಳೆಯುತ್ತದೆ. 2.4 ಬರುತ್ತದೆ. ಐದರಿಂದ ಗುಣಿಸಿ 12 ಎಂದು ಬರೆಯುತ್ತದೆ. ಕೈಯಿಂದ ಮಾಡುವ ಕಾಲದಲ್ಲಿ ಇದು ಮರುದಿನದ ಕೆಲಸವಾಗಿರುತ್ತಿತ್ತು.

ಈ 12 ಎಂಬ ಅಂಕಿಯಲ್ಲಿ ಒಂದು ಹಳ್ಳವಿದೆ. ಅದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅನೇಕ ಯಂತ್ರಗಳು ಮತ್ತು ವಿದೇಶಿ ಕೈಪಿಡಿಗಳು ನೈಟ್ರೇಟನ್ನು ಅದರೊಳಗಿನ ಸಾರಜನಕದ ತೂಕದಲ್ಲಿ ಲೆಕ್ಕ ಹಾಕುತ್ತವೆ. ನಮ್ಮ ಮಾನದಂಡದ 45 ಇರುವುದು ಇಡೀ ನೈಟ್ರೇಟಿನ ತೂಕದಲ್ಲಿ. ಎರಡರ ನಡುವಿನ ಗುಣಕ 4.43. ಯಂತ್ರದ 12ನ್ನು ಹಾಗೇ ಓದಿದರೆ ನೀರು ಅಮೃತ, 4.43ರಿಂದ ಗುಣಿಸಿದರೆ 53, ಕುಡಿಯಲು ಬಾರದು. ಶಿಶುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುವ ವಸ್ತುವಿನ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಯಂತ್ರ ಇಲ್ಲಿ ಏನೂ ತಪ್ಪು ಮಾಡಿಲ್ಲ. ಅದರ ತಂತ್ರಾಂಶದ ಒಂದು ಪುಟದಲ್ಲಿ ಯಾವ ಘಟಕ ಆರಿಸಿದ್ದಾರೆ ಎಂಬುದಷ್ಟೇ ಪ್ರಶ್ನೆ.

ಉಳಿದ ಬಟ್ಟಲುಗಳು ಸರದಿಯ ನಡುವೆ ಹಂಚಿಹೋಗಿರುತ್ತವೆ. ಹತ್ತು ಹಳ್ಳಿಗಳಾದ ಮೇಲೆ ಮತ್ತೆ ಗೊತ್ತಿರುವ ದ್ರಾವಣ: ಆರಂಭದಲ್ಲಿ 5 ತೋರಿಸಿದ್ದು ಈಗಲೂ 5 ತೋರಿಸುತ್ತಿದೆಯೇ, ಇಲ್ಲವೇ ದೀಪ ಬಿಸಿಯಾಗಿ, ರಾಸಾಯನಿಕ ಹಳಸಿ 4.4ಕ್ಕೆ ಜಾರಿದೆಯೇ? ಜಾರಿದ್ದರೆ ಹಿಂದಿನ ಹತ್ತೂ ಹಳ್ಳಿಗಳನ್ನು ಮತ್ತೆ ಅಳೆಯಬೇಕು. ಅದರ ಪಕ್ಕದಲ್ಲೇ ಬರಿಯ ಶುದ್ಧ ನೀರು, ಅಂದರೆ ಬ್ಲಾಂಕ್. ಉಪ್ಪಿನಕಾಯಿ ನೆಕ್ಕಿದ ನಾಲಿಗೆಗೆ ಮುಂದಿನ ತುತ್ತೂ ಉಪ್ಪೆನಿಸುವಂತೆ, ಬಹಳ ಕೆಟ್ಟ ನೀರಿನ ನಂತರ ಸೂಜಿಯಲ್ಲಿ ಉಳಿದ ಶೇಷ ಮುಂದಿನ ಒಳ್ಳೆಯ ನೀರಿಗೆ ಕೆಟ್ಟ ಹೆಸರು ತರಬಹುದು. ಬ್ಲಾಂಕ್ ಸೊನ್ನೆ ತೋರಿಸದಿದ್ದರೆ ಸೂಜಿ ಸರಿಯಾಗಿ ತೊಳೆದುಕೊಂಡಿಲ್ಲ ಎಂದರ್ಥ, ಅಥವಾ ಪ್ರಯೋಗಾಲಯದ ಶುದ್ಧ ನೀರೇ ಶುದ್ಧವಾಗಿಲ್ಲ.

ನನಗೆ ಎಲ್ಲಕ್ಕಿಂತ ಜಾಣತನದ್ದು ಎನ್ನಿಸುವುದು ಬೇಕೆಂದೇ ಕೆಡಿಸಿದ ಬಟ್ಟಲು. ಒಂದು ನೀರು 4 ತೋರಿಸಿತು. ಅದೇ ನೀರಿಗೆ 5 ಸೇರಿಸಿದರೆ 9 ತೋರಿಸಬೇಕು. 8.8 ಬಂದರೆ ಸೇರಿಸಿದ್ದರಲ್ಲಿ ನೂರಕ್ಕೆ 96ರಷ್ಟು ಮರಳಿ ಸಿಕ್ಕಿತು, ಸರಿ. ಬರಿಯ 7 ಬಂದರೆ? ಯಂತ್ರ ಸರಿಯಿದೆ, ಗೆರೆ ಸರಿಯಿದೆ, ಆದರೆ ಆ ನೀರಿನಲ್ಲೇ ಇರುವ ಯಾವುದೋ ವಸ್ತು ಬಣ್ಣ ಬಾರದಂತೆ ತಡೆಯುತ್ತಿದೆ. ಶುದ್ಧ ನೀರಿನಲ್ಲಿ ಮಾಡಿದ ದ್ರಾವಣಗಳು ಎಂದಿಗೂ ಹೊರಗೆಡಹದ ಸಂಗತಿಯನ್ನು ಈ ಒಂದು ಬಟ್ಟಲು ಹೇಳಿಬಿಡುತ್ತದೆ. ಹೀಗೆ ದಿನದಿನವೂ ಬಂದ ತಪಾಸಣೆಯ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋಗುವ ಪದ್ಧತಿ ಬಂದದ್ದು ಕಾರ್ಖಾನೆಗಳಿಂದ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಟೆಲಿಫೋನ್ ಉಪಕರಣಗಳ ತಯಾರಿಕೆಗಾಗಿ ರೂಪಿಸಿದ್ದು. ಮಿತಿಯೊಳಗೇ ಇದ್ದರೂ ಬಿಂದುಗಳೆಲ್ಲ ಸತತವಾಗಿ ಸರಾಸರಿಯ ಒಂದೇ ಬದಿಗೆ ಬೀಳತೊಡಗಿದರೆ ಅನುಭವಿ ವಿಶ್ಲೇಷಕರು ಯಂತ್ರ ನಿಲ್ಲಿಸಿ ಕಾರಣ ಹುಡುಕುತ್ತಾರೆ.

ಬಣ್ಣಕ್ಕೆ ಸಿಗದವು

ಕರ್ನಾಟಕದ ಬಯಲುಸೀಮೆಗೆ ಫ್ಲೋರೈಡ್ ನೈಟ್ರೇಟಿಗಿಂತ ಹಳೆಯ ಗೋಳು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಗ್ರಾನೈಟ್ ಮತ್ತು ನೈಸ್ ಬಂಡೆಗಳೊಳಗೆ ಬಹುಕಾಲ ನಿಂತ ನೀರಿನಲ್ಲಿ ಅದು ಕರಗಿ ಬರುತ್ತದೆ. ಹಲ್ಲಿನ ಕಂದು ಕಲೆ, ಬಾಗಿದ ಮೂಳೆ ಅದರ ಗುರುತು. ಫ್ಲೋರೈಡನ್ನೂ ಬಣ್ಣದಿಂದ ಅಳೆಯಬಹುದು. ಅಲ್ಲಿ ತಿರುಗುಮುರುಗು, ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಬಣ್ಣ ಮಾಸುತ್ತದೆ. ಆದರೆ ಈ ಭಾಗದ ನೀರಿನಲ್ಲಿ ಕ್ಷಾರೀಯತೆ ಹೆಚ್ಚು, ಅದು ಆ ಬಣ್ಣದ ಲೆಕ್ಕವನ್ನು ಕದಡುತ್ತದೆ. ಅದಕ್ಕಾಗಿ ಹಲವರು ನೆಚ್ಚುವುದು ಲ್ಯಾಂಥನಮ್ ಫ್ಲೋರೈಡ್ ಹರಳನ್ನು ತುದಿಯಲ್ಲಿ ಕೂರಿಸಿದ ವಿದ್ಯುದ್ವಾರವನ್ನು. 1966ರಲ್ಲಿ ಬಂದ ಈ ಸಾಧನ ಅಪರೂಪದ ಏಕನಿಷ್ಠೆಯದು. ಹರಳಿನ ಮೂಲಕ ಚಲಿಸುವುದು ಫ್ಲೋರೈಡ್ ಅಯಾನು, ಅಂದರೆ ವಿದ್ಯುದಂಶ ಹೊತ್ತ ಫ್ಲೋರೈಡ್ ಕಣ, ಮಾತ್ರ. ನೀರಿನಲ್ಲಿ ಫ್ಲೋರೈಡ್ ಹತ್ತು ಪಟ್ಟಾದರೆ ಒತ್ತಡ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ಒಂದೇ ಒಂದು ಮಿಲಿವೋಲ್ಟ್ ಎಡವಿದರೆ ಉತ್ತರ ನೂರಕ್ಕೆ ನಾಲ್ಕರಷ್ಟು ಎಡವುತ್ತದೆ. ನೀರು ಬಿಸಿಯಾಗಿದ್ದರೂ ಎಡವುತ್ತದೆ. ಅಲ್ಯೂಮಿನಿಯಂ ಇದ್ದರೆ ಫ್ಲೋರೈಡನ್ನು ಅಪ್ಪಿ ಹಿಡಿದು ಅಡಗಿಸಿಡುತ್ತದೆ. ಆದ್ದರಿಂದ ಪ್ರತಿ ಮಾದರಿಗೂ ಸಮಪಾಲು ಒಂದು ಬಫರ್ ದ್ರಾವಣ ಸೇರಿಸಿ, ಆಮ್ಲೀಯತೆಯನ್ನು ಸಮಗೊಳಿಸಿ, ಅಲ್ಯೂಮಿನಿಯಂನ ಹಿಡಿತ ಬಿಡಿಸಿದ ಮೇಲೆಯೇ ಅಳೆಯುವುದು. ಯಂತ್ರದ ತೋಳು ಈ ಬೆರೆಸುವಿಕೆಯನ್ನು ಚಾಚೂ ತಪ್ಪದೆ ಮಾಡುತ್ತದೆ. ಬಫರ್ ಬಾಟಲಿ ಖಾಲಿಯಾಗಿದ್ದರೆ ಗಮನಿಸುವ ಸಂವೇದಕ ಅದರಲ್ಲಿದೆಯೇ ಎಂಬುದನ್ನು ಖರೀದಿಸುವ ಮುನ್ನವೇ ನೋಡಿಕೊಳ್ಳಬೇಕು.

ಪಿಎಚ್, ವಿದ್ಯುತ್ ವಾಹಕತೆ, ಕ್ಷಾರೀಯತೆ ಇವು ಒಂದೇ ರೋಬೊಟ್ ತಟ್ಟೆಯ ಮೇಲೆ ಸರಾಗವಾಗಿ ಮುಗಿಯುತ್ತವೆ, ಇವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಹೇಳಬೇಕಾದ್ದು ಆರ್ಸೆನಿಕ್ ಬಗ್ಗೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಆಸುಪಾಸಿನಲ್ಲಿ, ಜನರ ಅಂಗೈ ಅಂಗಾಲುಗಳ ಚರ್ಮ ಗಂಟುಗಟ್ಟಿದ್ದಕ್ಕೆ ಕುಡಿಯುವ ನೀರಿನ ಆರ್ಸೆನಿಕ್ ಕಾರಣವೆಂದು ಗೊತ್ತಾಯಿತು. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಕಡಿಮೆ ಪ್ರಮಾಣವನ್ನು ನಂಬಿಕೆಯಿಂದ ಅಳೆಯಲು ಐಸಿಪಿ-ಎಂಎಸ್ ತರಹದ ಸೂಕ್ಷ್ಮ ಯಂತ್ರ ಬೇಕು. ಅದು ನೀರನ್ನು ಮಂಜಾಗಿಸಿ, ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಜ್ವಾಲೆಗೆ ತಳ್ಳಿ, ಒಳಗಿದ್ದುದನ್ನೆಲ್ಲ ಬಿಡಿ ಅಯಾನುಗಳಾಗಿ ಒಡೆದು, ಒಂದೊಂದನ್ನೂ ತೂಕದಿಂದ ಬೇರ್ಪಡಿಸಿ ಎಣಿಸುತ್ತದೆ. ಆರ್ಸೆನಿಕ್‌ನ ಪರಮಾಣು ತೂಕ 75. ಇನ್ನು ಜ್ವಾಲೆಯಲ್ಲಿರುವ ಆರ್ಗಾನ್ 40, ಉಪ್ಪುನೀರಿನಲ್ಲಿರುವ ಕ್ಲೋರಿನ್ 35. ಎರಡೂ ಜ್ವಾಲೆಯಲ್ಲಿ ಕೂಡಿಕೊಂಡರೆ 75! ಯಂತ್ರದ ತಕ್ಕಡಿಗೆ ಇವೆರಡರ ನಡುವೆ ಭೇದ ಕಾಣುವುದಿಲ್ಲ. ಆರ್ಸೆನಿಕ್ ಒಂದಿಷ್ಟೂ ಇಲ್ಲದ, ಬರಿಯ ಉಪ್ಪು ಹೆಚ್ಚಿರುವ ನೀರು ವಿಷವೆಂದು ವರದಿಯಾಗಬಹುದು. ಉತ್ತರ ಕರ್ನಾಟಕದ ಒಣನೆಲದ ಕೊಳವೆ ಬಾವಿಗಳಲ್ಲಿ ಉಪ್ಪಿಗೇನು ಕೊರತೆ?

ಇದಕ್ಕೆ ಪರಿಹಾರ ಹೀಲಿಯಂ. ಎಣಿಕೆಗೆ ಮೊದಲು ಅಯಾನುಗಳನ್ನು ಹೀಲಿಯಂ ತುಂಬಿದ ಒಂದು ಕೋಣೆಯ ಮೂಲಕ ಹಾಯಿಸುತ್ತಾರೆ. ಎರಡು ಪರಮಾಣು ಕೂಡಿಕೊಂಡ ಅಯಾನಿನ ಗಾತ್ರ ದೊಡ್ಡದು, ಅದು ಹೀಲಿಯಂಗೆ ಹೆಚ್ಚು ಬಾರಿ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತದೆ. ಒಂಟಿ ಆರ್ಸೆನಿಕ್ ಅಷ್ಟಾಗಿ ಬಳಲದೆ ಪಾರಾಗುತ್ತದೆ. ನಿಧಾನವಾದವನ್ನು ಸಣ್ಣದೊಂದು ವಿದ್ಯುತ್ ತಡೆ ಒಡ್ಡಿ ಅಲ್ಲೇ ನಿಲ್ಲಿಸಿದರಾಯಿತು. ಇದರ ಜೊತೆಗೆ ಪ್ರತಿ ಮಾದರಿಗೂ ಅಂತರ್ಜಲದಲ್ಲಿ ಹೆಚ್ಚುಕಡಿಮೆ ಇರದ ರೋಡಿಯಂನಂತಹ ಲೋಹವನ್ನು ಒಂದೇ ಪ್ರಮಾಣದಲ್ಲಿ ಬೆರೆಸುತ್ತ ಹೋಗುತ್ತಾರೆ. ಗಡುಸು ನೀರು ಬಂದು ಯಂತ್ರದ ಮೂತಿಯಲ್ಲಿ ಉಪ್ಪು ಕಟ್ಟಿ ಸಂಕೇತ ಕುಗ್ಗಿದರೆ ರೋಡಿಯಂನ ಎಣಿಕೆಯೂ ಕುಗ್ಗುತ್ತದೆ. ಅದು ಕುಗ್ಗಿದಷ್ಟೇ ಪ್ರಮಾಣದಲ್ಲಿ ಆರ್ಸೆನಿಕ್‌ನ ಲೆಕ್ಕವನ್ನು ತಿದ್ದಿಕೊಳ್ಳಬಹುದು. ಮತ್ತೆ ಅದೇ ಮಾತು: ಗೊತ್ತಿಲ್ಲದ್ದನ್ನು ಅಳೆಯುವಾಗಲೆಲ್ಲ ಪಕ್ಕದಲ್ಲಿ ಗೊತ್ತಿರುವುದೊಂದು ಓಡುತ್ತಿರಬೇಕು.

ಯಂತ್ರದ ಆತುರ ನಡೆಯದ ಜಾಗವೊಂದಿದೆ, ಅದು ಬ್ಯಾಕ್ಟೀರಿಯಾ. ನಿಯಮ ಸರಳ: ಕುಡಿಯುವ ನೀರಿನ ಯಾವುದೇ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಒಂದೇ ಒಂದು ಜೀವಕೋಶವನ್ನು ಕಂಡುಹಿಡಿಯಬೇಕೆಂದರೆ ಅದು ಕೋಟಿಗಟ್ಟಲೆಯಾಗುವವರೆಗೆ ಸಾಕಬೇಕು. ಈಗ ಬಳಕೆಯಲ್ಲಿರುವ ಕಿಣ್ವ ವಿಧಾನದಲ್ಲಿ 100 ಮಿಲಿಲೀಟರ್ ನೀರಿಗೆ ಪುಡಿ ಬೆರೆಸಿ, 51 ಅಥವಾ 97 ಗುಳಿಗಳಿರುವ ಪ್ಲಾಸ್ಟಿಕ್ ಹಾಳೆಗೆ ಸುರಿದು, ಯಂತ್ರದಿಂದ ಅಂಚು ಮುಚ್ಚಿ, 35 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಕೋಲಿಫಾರ್ಮ್, ಅಂದರೆ ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು, ಇರುವ ಗುಳಿ ಹಳದಿಯಾಗುತ್ತದೆ. ಇ. ಕೋಲಿ ಇದ್ದರೆ ಅದೇ ಗುಳಿ ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಎಷ್ಟು ಗುಳಿಗಳು ಹೊಳೆದವು ಎಂಬುದರಿಂದ ಮೂಲದಲ್ಲಿ ಎಷ್ಟಿದ್ದಿರಬಹುದು ಎಂದು ಸಂಭವನೀಯತೆಯ ಲೆಕ್ಕ ಹೇಳುತ್ತದೆ. ಕ್ಯಾಮೆರಾ ಗುಳಿಗಳನ್ನು ಎಣಿಸಬಹುದು, ಗಣಕ ಲೆಕ್ಕ ಹಾಕಬಹುದು, ಆದರೆ ಆ 24 ಗಂಟೆಯನ್ನು ಕಡಿತಗೊಳಿಸಲಾಗದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ಅಸ್ವಸ್ಥರಾಗಿ ಹಲವರು ಸತ್ತಾಗ, ಯಾರಾದರೂ ವಿಷ ಬೆರೆಸಿದರೇ ಎಂಬ ಅನುಮಾನವೂ ಎದ್ದಿತ್ತು. ಅಂಥ ಹೊತ್ತಿನಲ್ಲಿ ಪ್ರಯೋಗಾಲಯದಿಂದ ಅರ್ಧ ಗಂಟೆಯಲ್ಲಿ ಉತ್ತರ ಏಕೆ ಬರುವುದಿಲ್ಲ ಎಂಬ ಕೋಪ ಸಹಜವೇ. ಜೀವಾಣು ತನ್ನ ವೇಗದಲ್ಲೇ ಬೆಳೆಯುತ್ತದೆ. ಆದ್ದರಿಂದಲೇ ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ಎಂದು ಅಲ್ಲೇ ನಿಂತು ನೋಡುವ ಎರಡು ನಿಮಿಷದ ಪರೀಕ್ಷೆಗೆ ಅಷ್ಟು ಮಹತ್ವ. ಅದನ್ನು ಯಾವ ಯಂತ್ರಕ್ಕೂ ಕಳಿಸುವಂತಿಲ್ಲ. ಬಾಟಲಿ ಪ್ರಯೋಗಾಲಯ ತಲುಪುವಷ್ಟರಲ್ಲಿ ಕ್ಲೋರಿನ್ ಇಳಿದುಹೋಗಿರುತ್ತದೆ.

ತಟ್ಟೆಗೆ ಮುಂಚೆ, ತಟ್ಟೆಯ ನಂತರ

ಬಾಟಲಿಯ ವಿಷಯ ಬಂತಲ್ಲ. ಯಂತ್ರಕ್ಕೆ ಬರುವ ಮೊದಲೇ ನೀರು ಬದಲಾಗಿರುತ್ತದೆ. ಕೊಳವೆ ಬಾವಿಯಿಂದ ತಿಳಿಯಾಗಿ ಬಂದ ನೀರು ಗಾಳಿ ತಾಗಿದ ಮೇಲೆ ಕೆಂಪಗಾಗುವುದನ್ನು ಮಲೆನಾಡು, ಕರಾವಳಿಯವರು ಬೇಕಾದಷ್ಟು ಕಂಡಿದ್ದಾರೆ. ಕರಗಿದ್ದ ಕಬ್ಬಿಣ ತುಕ್ಕಾಗಿ ತಳ ಸೇರಿದರೆ, ಯಂತ್ರದ ಸೂಜಿ ಮೇಲಿನ ತಿಳಿಯನ್ನು ಹೀರಿ ಕಬ್ಬಿಣ ಕಡಿಮೆ ಎಂದು ಬರೆಯುತ್ತದೆ. ಅದಕ್ಕೆ ಲೋಹಗಳ ಪರೀಕ್ಷೆಯ ಬಾಟಲಿಗೆ ಸ್ಥಳದಲ್ಲೇ ಒಂದಿಷ್ಟು ನೈಟ್ರಿಕ್ ಆಮ್ಲ ಹಾಕಬೇಕು. ಅದೇ ಆಮ್ಲವಿರುವ ಬಾಟಲಿಯಿಂದ ನೈಟ್ರೇಟ್ ಅಳೆದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನೈಟ್ರೇಟಿನ ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು ಎರಡು ದಿನದೊಳಗೆ ತಲುಪಿಸಬೇಕು. ಬ್ಯಾಕ್ಟೀರಿಯಾದ ಬಾಟಲಿ ಕ್ರಿಮಿಶುದ್ಧವಾಗಿರಬೇಕು, ಜೊತೆಗೆ ಅದರಲ್ಲಿ ಕ್ಲೋರಿನ್ನಿನ ಶಕ್ತಿ ಕುಂದಿಸುವ ಸೋಡಿಯಂ ಥಯೊಸಲ್ಫೇಟ್ ಇರಬೇಕು. ಇಲ್ಲದಿದ್ದರೆ ನೀರಿನಲ್ಲಿರುವ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತ ಬಂದು, ನಲ್ಲಿಯ ಬಳಿ ಕೆಟ್ಟಿದ್ದ ನೀರು ಪ್ರಯೋಗಾಲಯದಲ್ಲಿ ಶುದ್ಧವಾಗಿಬಿಡುತ್ತದೆ. ಬಾಟಲಿಗೆ ಅಂಟಿಸಿದ ಬಾರ್‌ಕೋಡ್ ಹೆಸರು ಅದಲುಬದಲಾಗದಂತೆ ತಡೆಯುತ್ತದೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯಲ್ಲಿ ಬಿಸಿಲಲ್ಲಿ ಬಂದ ನೀರನ್ನು ಸರಿಪಡಿಸುವ ಶಕ್ತಿ ಅದಕ್ಕಿಲ್ಲ.

ಇನ್ನು ಕೈಗೆ ಬಂದ ವರದಿ. ಕೆಲವು ಸಾಲುಗಳಲ್ಲಿ ಅಂಕಿಯ ಬದಲು ಬಿಡಿಎಲ್ ಎಂದಿರುತ್ತದೆ, ಅಂದರೆ ಯಂತ್ರ ಗುರುತಿಸಬಲ್ಲ ಮಿತಿಗಿಂತ ಕಡಿಮೆ. ಅದನ್ನು ಸೊನ್ನೆ ಎಂದು ಓದುವುದು ಅವಸರ. ಆರ್ಸೆನಿಕ್ ಸಾಲಿನಲ್ಲಿ ಬಿಡಿಎಲ್ ಇದ್ದು, ಆ ಪ್ರಯೋಗಾಲಯದ ಗುರುತಿಸುವ ಮಿತಿಯೇ 0.05 ಆಗಿದ್ದರೆ, ಸುರಕ್ಷಿತ ಮಿತಿಗಿಂತ ನಾಲ್ಕು ಪಟ್ಟು ಇರುವ ನೀರೂ ಬಿಡಿಎಲ್ ಆಗುತ್ತದೆ. ಮಿತಿ ಎಷ್ಟು ಎಂದು ಕೇಳುವ ಹಕ್ಕು ನೀರು ಕೊಟ್ಟವರಿಗಿದೆ. ಜಲ ಜೀವನ್ ಮಿಷನ್ ಅಡಿ ಸರ್ಕಾರಿ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆದಿರುವುದರಿಂದ ಈ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು.

ವರದಿ ತಾನಾಗಿಯೇ ತನ್ನ ಸಾಚಾತನವನ್ನು ಸಾಬೀತು ಮಾಡುವ ಒಂದು ಲೆಕ್ಕವೂ ಇದೆ. ನೀರು ವಿದ್ಯುತ್ತಿನ ದೃಷ್ಟಿಯಿಂದ ತಟಸ್ಥ. ಧನ ಅಯಾನುಗಳಷ್ಟೇ ಋಣ ಅಯಾನುಗಳು ಇರಲೇಬೇಕು. ಪಾವಗಡದ ನಮ್ಮ ಉದಾಹರಣೆಯ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ 80 ಮಿಲಿಗ್ರಾಂ, ಮೆಗ್ನೀಸಿಯಂ 48.6, ಸೋಡಿಯಂ 138, ಪೊಟ್ಯಾಸಿಯಂ 4 ಎಂದುಕೊಳ್ಳಿ. ಇವನ್ನು ಕ್ರಮವಾಗಿ 20, 12.15, 23, 39ರಿಂದ, ಅಂದರೆ ಒಂದು ಘಟಕ ವಿದ್ಯುದಂಶ ಹೊರುವ ಪ್ರತಿ ಅಯಾನಿನ ತೂಕದಿಂದ, ಭಾಗಿಸಿ ಕೂಡಿದರೆ 14.1. ಇನ್ನೊಂದು ಕಡೆ, ಋಣ ಅಯಾನುಗಳ ಲೆಕ್ಕದಲ್ಲಿ, ಕ್ಷಾರೀಯತೆ 350, ಕ್ಲೋರೈಡ್ 177, ಸಲ್ಫೇಟ್ 60, ನೈಟ್ರೇಟ್ 53, ಫ್ಲೋರೈಡ್ 1.9. ಇವನ್ನು 50, 35.5, 48, 62, 19ರಿಂದ ಭಾಗಿಸಿ ಕೂಡಿದರೆ 14.2. ಎರಡೂ ಸರಿಸುಮಾರು ಸಮ. ಬೇರೆ ಬೇರೆ ಯಂತ್ರಗಳು, ಬೇರೆ ಬೇರೆ ವಿಧಾನಗಳಿಂದ ಒಂದನ್ನೊಂದು ನೋಡದೆ ಕೊಟ್ಟ ಒಂಬತ್ತು ಉತ್ತರಗಳು ಹೀಗೆ ತಾಳೆಯಾದರೆ ಅವುಗಳಲ್ಲಿ ಯಾವುದೂ ಬಹಳ ತಪ್ಪಿಲ್ಲ ಎನ್ನಬಹುದು. ಕ್ಲೋರೈಡ್ 177ರ ಬದಲು 77 ಎಂದು ನಮೂದಾಗಿದ್ದರೆ ಎರಡನೆಯ ಮೊತ್ತ 11.4ಕ್ಕೆ ಕುಸಿದು, ವ್ಯತ್ಯಾಸ ನೂರಕ್ಕೆ ಹತ್ತನ್ನೂ ಮೀರುತ್ತದೆ. ಸಾಮಾನ್ಯವಾಗಿ ಐದರೊಳಗೆ ಇರಬೇಕು. ನೈಟ್ರೇಟ್, ಫ್ಲೋರೈಡ್‌ನಂತಹ ಸಣ್ಣ ಪಾಲುದಾರರ ತಪ್ಪು ಮಾತ್ರ ಈ ಜರಡಿಯಲ್ಲಿ ಸುಲಭವಾಗಿ ಸೋರಿಹೋಗುತ್ತದೆ, ಫ್ಲೋರೈಡ್ 1.9ರ ಬದಲು 0.9 ಎಂದಾದರೂ ಮೊತ್ತ ಅಲುಗುವುದಿಲ್ಲ. ಅವುಗಳಿಗೆ ತಟ್ಟೆಯ ಆ ಹದಿನಾಲ್ಕು ಬಟ್ಟಲುಗಳೇ ಕಾವಲು.

ಹಾಗೆಯೇ, ಈ ಮೊತ್ತವನ್ನು ನೂರರಿಂದ ಗುಣಿಸಿದರೆ ವಿದ್ಯುತ್ ವಾಹಕತೆಯ ಸನಿಹಕ್ಕೆ ಬರಬೇಕು, ಇಲ್ಲಿ 1400ರ ಹತ್ತಿರ. ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರಾಟಗಾರರ ಜೇಬಿನಲ್ಲಿರುವ ಟಿಡಿಎಸ್ ಪೆನ್ನು ಅಳೆಯುವುದೂ ಈ ವಾಹಕತೆಯನ್ನೇ. ಅದನ್ನೊಂದು ಗುಣಕದಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಆ ಲವಣ ಅಡುಗೆ ಉಪ್ಪೋ ಫ್ಲೋರೈಡೋ ಎಂದು ಅದಕ್ಕೆ ತಿಳಿಯದು, ಬ್ಯಾಕ್ಟೀರಿಯಾ ಅಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅವರು ಇನ್ನೊಂದು ಸಾಧನವನ್ನೂ ತರುತ್ತಾರೆ. ಅದನ್ನು ಲೋಟಕ್ಕಿಳಿಸಿದರೆ ನಲ್ಲಿ ನೀರು ಕಂದು ಗಸಿಯಾಗುತ್ತದೆ, ಫಿಲ್ಟರ್ ನೀರು ತಿಳಿಯಾಗಿಯೇ ಉಳಿಯುತ್ತದೆ. ಗಸಿ ಬಂದದ್ದು ನೀರಿನಿಂದಲ್ಲ, ಸಾಧನದ ಕಬ್ಬಿಣದ ಕಡ್ಡಿಯೇ ವಿದ್ಯುತ್ತಿಗೆ ಕರಗಿ ತುಕ್ಕಾದದ್ದು. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯದಿರುವುದರಿಂದ ಅಲ್ಲಿ ಕಡ್ಡಿ ಕರಗುವುದಿಲ್ಲ.

ಅಯಾನುಗಳ ಈ ತಾಳೆಯನ್ನು ಒಳ್ಳೆಯ ಪ್ರಯೋಗಾಲಯಗಳಲ್ಲಿ ತಂತ್ರಾಂಶವೇ ನೋಡಿ, ಹೊಂದದ ಮಾದರಿಗೆ ಕೆಂಪು ಗುರುತು ಹಾಕುತ್ತದೆ. ಆದರೆ ಯಾವ ಅಂಕಿ ತಪ್ಪಿದೆ ಎಂದು ಅದು ಹೇಳುವುದಿಲ್ಲ. ಒಬ್ಬ ವಿಶ್ಲೇಷಕಿಯೋ ವಿಶ್ಲೇಷಕನೋ ಕೂತು, ಗಡಸುತನಕ್ಕೂ ಕ್ಯಾಲ್ಸಿಯಂಗೂ ಹೊಂದುತ್ತದೆಯೇ, ಈ ಬಾವಿಯ ಹಳೆಯ ವರದಿ ಏನಿತ್ತು, ಸೂಜಿ ಗಾಳಿಯನ್ನು ಹೀರಿತೇ ಎಂದು ಒಂದೊಂದಾಗಿ ನೋಡಿ, ಅನುಮಾನದ ಪರೀಕ್ಷೆಗಳನ್ನು ಮತ್ತೆ ತಟ್ಟೆಗೆ ಹಾಕಬೇಕು. ಅದಕ್ಕೆ ಬಾಟಲಿಯಲ್ಲಿ ನೀರು ಉಳಿದಿರಬೇಕು. ಒಂದು ಲೋಟದಲ್ಲಿ ಎಲ್ಲವನ್ನೂ ಮುಗಿಸಬಲ್ಲ ಯಂತ್ರವಿದ್ದರೂ ಪ್ರಯೋಗಾಲಯದವರು ಎರಡು ಲೀಟರ್ ತನ್ನಿ ಎನ್ನುವುದು ಇದಕ್ಕೇ.